ಗಸ್ತು ನಿಂತ ತಿಂಗಳು

ಮಾರ್ಚ್ ೪, ಸೋಮವಾರ

ಸಿಟ್ಟು ಬಂದಾಗ ಬೈಯಬೇಡಿ, ಬರೆಯಿರಿ, ಇಲ್ಲದಿದ್ದರೆ ರಕ್ತದೊತ್ತಡ ಇಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿ ಆರು ತಿಂಗಳಾಯಿತು. ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸಿನ ಅಕ್ಷರ ನನ್ನದು. ಬೈಯುವಷ್ಟು ಬೇಗ ಬರೆಯಲು ಬರುವುದಿಲ್ಲ. ಆದರೆ ಇವತ್ತು ಬೈಯಬೇಕಾದವರು ಎದುರಿಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಗ ಕೆಲಸದಿಂದ ಬಂದವನೇ ಶೂ ಬಿಚ್ಚದೆ ಅಡಿಗೆಮನೆ ಬಾಗಿಲಲ್ಲಿ ನಿಂತ.

"ಮುಂದಿನ ವಾರದಿಂದ ಒಂದು ತಿಂಗಳು ಗಾಡಿ ತೆಗೆಯೋ ಹಾಗಿಲ್ಲ ಅಮ್ಮ."

"ಕೆಲಸ ಹೋಯ್ತಾ?"

"ಹೋಗಿಲ್ಲ. ಅಳೀತಾರಂತೆ."

ಇವನ ಕೆಲಸ ಹೆದ್ದಾರಿಯ ಗಸ್ತು. ಹನ್ನೊಂದು ವರ್ಷದಿಂದ ಒಂದೇ ತುಂಡು ರಸ್ತೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದಾನೆ. ಯಾರ ಕಾರು ಕೆಟ್ಟು ನಿಂತಿದ್ದರೂ ಅದರ ಹಿಂದೆ ತನ್ನ ಹಳದಿ ಗಾಡಿ ನಿಲ್ಲಿಸಿ, ಹಿಂದಿನವರಿಗೆ ದೂರದಿಂದಲೇ ಕಾಣಲೆಂದು ಕೋನ್ ಸಾಲಾಗಿಟ್ಟು, ಟೈರು ಬದಲಿಸುತ್ತಾನೆ, ಒಂದು ಕ್ಯಾನ್ ಪೆಟ್ರೋಲು ಹಾಕುತ್ತಾನೆ. ಅದಕ್ಕೂ ಮಿಸುಕದಿದ್ದರೆ ಎಳೆದುಕೊಂಡು ಹೋಗಿ ರಸ್ತೆಯಿಂದ ಕೆಳಗಿಳಿಸುತ್ತಾನೆ. ಎಲ್ಲ ಪುಕ್ಕಟೆ. ಕಾಸು ಕೇಳುವಂತಿಲ್ಲ, ಕೊಟ್ಟರೆ ಮುಟ್ಟುವಂತಿಲ್ಲ. ಸಂಬಳ ಕೊಡುವುದು ರಸ್ತೆ ಇಲಾಖೆ. ಈ ಪುಕ್ಕಟೆ ಕೆಲಸದಿಂದ ಲಾಭವೆಷ್ಟು ಎಂದು ಅಲ್ಲಿ ಯಾರೋ ದೊಡ್ಡವರು ಕೇಳಿದರಂತೆ. ಗಸ್ತು ಇದ್ದಾಗ ರಸ್ತೆ ಹೇಗಿದೆ, ಇಲ್ಲದಾಗ ಹೇಗಿರುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರಂತೆ. ನಿಲ್ಲಿಸಿ ನೋಡುವುದಕ್ಕೆ ಆರಿಸಿದ್ದು ನನ್ನ ಮಗನ ತುಂಡು. ಲಾಭ ಕಂಡರೆ ಎಲ್ಲಾ ಡ್ರೈವರುಗಳ ಕೆಲಸ ಉಳಿಯುತ್ತದೆ. ಕಾಣದಿದ್ದರೆ ಎಲ್ಲರಿಗೂ ನಮಸ್ಕಾರ.

"ಹೆಂಡತಿ ಬೆಲೆ ತಿಳೀಲಿ ಅಂತ ಒಂದು ತಿಂಗಳು ತವರಿಗೆ ಅಟ್ಟಿದ ಹಾಗಾಯ್ತಲ್ಲೋ," ಅಂದೆ.

ಒಳಗಿನಿಂದ ಸೊಸೆ, "ಅತ್ತೆ, ನನ್ನನ್ನೂ ಹಾಗೆ ಅಳೆದು ನೋಡಿ, ನಾನು ತಯಾರು," ಅಂದಳು. ಅವಳಿಗೆ ಎಲ್ಲವೂ ತಮಾಷೆ. ಮಗ ನಗಲಿಲ್ಲ.

ಮಾರ್ಚ್ ೧೧, ಸೋಮವಾರ

ಇವತ್ತಿನಿಂದ ಗಸ್ತು ಇಲ್ಲ. ಸಂಬಳ ಇದೆ, ಪುಣ್ಯ.

ನಮ್ಮದು ಮೂರನೇ ಮಹಡಿ. ಅಡಿಗೆಮನೆ ಕಿಟಕಿಯಲ್ಲಿ ನಿಂತರೆ ಶಬ್ದ ತಡೆಯಲೆಂದು ಕಟ್ಟಿದ ಗೋಡೆ ಕಾಣುತ್ತದೆ, ಗೋಡೆಯ ತಲೆಯ ಮೇಲಿಂದ ಹೆದ್ದಾರಿಯ ತಿರುವು ಕಾಣುತ್ತದೆ. ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ಮನಸಾರೆ ಹರಸಿದೆ: ನೂರು ಗಾಡಿ ಕೆಟ್ಟು ನಿಲ್ಲಲಿ. ಅವುಗಳ ಹಿಂದೆ ಸಾವಿರ ಗಾಡಿ ನಿಂತು ಹಾರ್ನ್ ಹೊಡೆದು ಸಾಯಲಿ. ಸೂಟು ಹಾಕಿಕೊಂಡವರು ಕೆಳಗಿಳಿದು ಬಿಸಿಲಲ್ಲಿ ಕೊಳೆಯಲಿ. ಆಗ ತಿಳಿಯುತ್ತದೆ ಲಾಭ.

ಜೋರಾಗಿ ಹೇಳಿಬಿಟ್ಟೆ ಅಂತ ಕಾಣುತ್ತದೆ. ಮೊಮ್ಮಗಳು ಶಾಲೆಯ ಚೀಲ ಹೆಗಲಿಗೇರಿಸುತ್ತಾ, "ಅಜ್ಜಿ, ನಮ್ಮ ಬಸ್ಸೂ ಅದೇ ರೋಡಲ್ಲಿ ಹೋಗೋದು," ಅಂದಳು.

ನಿನ್ನ ಬಸ್ಸೊಂದು ಬಿಟ್ಟು ಅಂದೆ.

ಮಾರ್ಚ್ ೧೪, ಗುರುವಾರ

ಅಳತೆಗಾರ ಮನೆಗೆ ಬಂದಿದ್ದ. ಮಗನ ಹತ್ತಿರ ಕೆಲಸದ ರೀತಿ ಕೇಳಿ ತಿಳಿದುಕೊಳ್ಳಬೇಕಿತ್ತಂತೆ. ನಾನು ಯಾರೋ ಬೋಳುತಲೆಯ ಅಧಿಕಾರಿ ಬರುತ್ತಾನೆ ಅಂದುಕೊಂಡಿದ್ದರೆ ಬಂದದ್ದು ಬಡಕಲು ಹುಡುಗ, ಕನ್ನಡಕ, ಇನ್ನೂ ಮದುವೆಯಾದ ಹಾಗೆ ಕಾಣುವುದಿಲ್ಲ. ಶೂ ಬಾಗಿಲಾಚೆ ಬಿಟ್ಟು ಬಂದ. ಅಷ್ಟರಮಟ್ಟಿಗೆ ತಾಯಿ ಬೆಳೆಸಿದ್ದಾಳೆ.

"ಒಂದು ಕಾರು ಲೇನಲ್ಲಿ ನಿಂತ್ರೆ ಅಜ್ಜಿ, ಅದನ್ನ ತೆಗೆದ ಮೇಲೂ ಹಿಂದಿನ ಸಾಲು ಕರಗೋಕೆ ಬಹಳ ಹೊತ್ತು ಬೇಕು. ಬೇಗ ತೆಗೆದಷ್ಟೂ ಜನರ ಸಮಯ ಉಳಿಯುತ್ತೆ, ಪೆಟ್ರೋಲ್ ಉಳಿಯುತ್ತೆ. ಅದನ್ನೆಲ್ಲ ದುಡ್ಡಿಗೆ ತಿರುಗಿಸಿದ್ರೆ ಅದೇ ಲಾಭ."

"ಸಮಯಾನ ದುಡ್ಡಿಗೆ ಹೇಗೆ ತಿರುಗಿಸ್ತೀರಾ?"

"ಒಂದು ಗಂಟೆಗೆ ಇಷ್ಟು ಅಂತ ಬೆಲೆ ಇದೆ. ಕೆಲಸಕ್ಕೆ ಹೋಗೋರ ಗಂಟೆಗೆ ಪೂರ್ತಿ. ಸುಮ್ಮನೆ ಓಡಾಡೋರ ಗಂಟೆಗೆ ಸ್ವಲ್ಪ ಕಡಿಮೆ."

"ಅಂದ್ರೆ ನನ್ನ ಗಂಟೆ ಚಿಲ್ಲರೆ."

ಪಾಪ, ಕಿವಿಯವರೆಗೂ ಕೆಂಪಾದ. "ಹಾಗಲ್ಲ ಅಜ್ಜಿ..." ಎಂದು ತಡವರಿಸಿದ. ಇರಲಿ ಬಿಡಪ್ಪಾ ಅಂದು ಇನ್ನೊಂದು ಲೋಟ ಚಹಾ ಬಗ್ಗಿಸಿದೆ. ಹೋಗುವಾಗ ಮಗನಿಗೆ, "ಈ ತಿಂಗಳು ನೀವು ಆ ರಸ್ತೆಗೆ ಇಳಿಯಲೇಬಾರದು, ಅದೊಂದು ನೆನಪಿರಲಿ," ಅಂದ. ಮಗ ತಲೆ ಆಡಿಸಿದ.

ಮಾರ್ಚ್ ೧೯, ಮಂಗಳವಾರ

ಗಂಡಸು ಮನೆಯಲ್ಲಿ ಕೂತರೆ ಮನೆ ಸಣ್ಣದಾಗುತ್ತದೆ. ನೆಟ್ಟಗಿದ್ದ ನಲ್ಲಿಯನ್ನು ಬಿಚ್ಚಿದ, ಈಗ ಸೋರುತ್ತದೆ. ಮೊಮ್ಮಗಳ ಸೈಕಲ್ಲನ್ನು ಬಿಚ್ಚಿದ. ಅದು ಇನ್ನೂ ಬಿಚ್ಚಿಕೊಂಡೇ ಇದೆ. ಆಮೇಲೆ ಅಡಿಗೆಮನೆ ಕಿಟಕಿಗೆ ಬಂದು ನಿಂತ. ನಾನು ಕಾಲಿಗೆ ಬೆಕ್ಕು ತೊಡರಿಕೊಂಡವಳ ಹಾಗೆ ಅವನನ್ನು ಸುತ್ತಿಕೊಂಡು ಅಡಿಗೆ ಮಾಡಬೇಕು.

"ನೀಲಿ ಕಾರು, ಎರಡನೇ ಲೇನು. ಬಾನೆಟ್ ಎತ್ತಿದ್ದಾನೆ. ಎತ್ತಬಾರದು, ಮೊದಲು ಪಕ್ಕಕ್ಕೆ ತಗೋಬೇಕು," ಅನ್ನುತ್ತಾನೆ ಗಾಜಿಗೆ.

"ನಿಲ್ಲಲಿ ಬಿಡು. ಎಷ್ಟು ಹೊತ್ತು ನಿಂತರೆ ಅಷ್ಟು ಒಳ್ಳೇದು ನಮಗೆ."

ತಿರುಗಿ ನನ್ನ ಮುಖ ನೋಡಿದ. ಇವನು ಚಿಕ್ಕಂದಿನಿಂದಲೂ ಹೀಗೆ. ಏನೂ ಅನ್ನದೆ ನನ್ನನ್ನು ಬೈಯುವುದರಲ್ಲಿ ಗಟ್ಟಿಗ.

"ಈರುಳ್ಳಿ ಮುಗಿದಿದೆ, ಹೋಗಿ ತಗೊಂಡು ಬಾ" ಎಂದು ಅಟ್ಟಿದೆ. ಹೋದವನು ಊಟದ ಹೊತ್ತು ಮೀರಿ ಬಂದ. ಈರುಳ್ಳಿ ಇರಲಿಲ್ಲ. ಅಂಗೈಯಲ್ಲಿ ಗ್ರೀಸು ಇತ್ತು.

ಮಾರ್ಚ್ ೨೧, ಗುರುವಾರ

ಇವತ್ತು ಹಿಡಿದೆ. ನಮ್ಮ ಹಳೇ ಕಾರಿನ ಡಿಕ್ಕಿಯಲ್ಲಿ ಜಾಕ್, ಪೆಟ್ರೋಲ್ ಕ್ಯಾನ್, ಎರಡು ಕೋನ್, ಹಗ್ಗ. ಅಂಗಡಿಗೆ ಹೋಗುವವನಿಗೆ ಹಗ್ಗ ಯಾಕೆ? ಈರುಳ್ಳಿ ಕಟ್ಟಿ ಎಳೆದು ತರುತ್ತಾನಾ?

"ಎಲ್ಲಿಂದ ಬರ್ತಿದೀಯಾ? ನಿಜ ಹೇಳು."

"ಒಬ್ಬಳು ಮಗು ಎತ್ಕೊಂಡು ರಸ್ತೆ ಅಂಚಲ್ಲಿ ನಿಂತಿದ್ಲು ಅಮ್ಮ. ಟೈರು ಹೋಗಿತ್ತು."

"ಅವಳಿಗೆ ಗಂಡ ಇಲ್ವಾ? ಫೋನ್ ಇಲ್ವಾ? ಗ್ಯಾರೇಜಿನವರು ಸತ್ತಿದ್ದಾರಾ?"

"ಗ್ಯಾರೇಜಿನವರು ಬರೋಕೆ ಒಂದೂವರೆ ಗಂಟೆ."

"ಅದನ್ನೇ ಅಲ್ವೇನೋ ಆ ಹುಡುಗ ಅಳೀತಿರೋದು! ಆ ಒಂದೂವರೆ ಗಂಟೇನ! ನೀನು ಹೋಗಿ ಹತ್ತು ನಿಮಿಷಕ್ಕೆ ಮುಗಿಸಿ ಬಂದ್ರೆ ಅವನು ಏನು ಅಳೀತಾನೆ, ನಿನ್ನ ತಲೇನ?"

ಸೊಸೆ ಹೊಲಿಗೆ ಅಂಗಡಿಯ ಕೆಲಸದಿಂದ ಬಂದ ಮೇಲೆ ಅವಳಿಗೂ ಹೇಳಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂದೆ. ಅವಳು ಈ ಸಲ ತಮಾಷೆ ಮಾಡಲಿಲ್ಲ. "ಒಂದು ತಿಂಗಳು ಕಣ್ಮುಚ್ಕೊಂಡಿರೋಕೆ ಆಗಲ್ವೇನ್ರೀ ನಿಮಗೆ?" ಎಂದು ಗಂಡನನ್ನು ಕೇಳಿದಳು. ಅವನು ತಟ್ಟೆ ನೋಡುತ್ತಾ, "ಹಿಂದೆ ಬರೋ ಗಾಡಿ ತಿರುವಲ್ಲಿ ಕಾಣೋದಿಲ್ಲ ಕಣೇ," ಅಂದ. ಕೇಳಿದ್ದೇ ಒಂದು, ಹೇಳಿದ್ದೇ ಒಂದು.

ನಾಳೆಯಿಂದ ಇವನು ಕಾರು ತೆಗೆದರೆ ನಾನೂ ಕೂರುತ್ತೇನೆ. ಕಾವಲಿಗೆ.

ಮಾರ್ಚ್ ೨೭, ಬುಧವಾರ

ಕಾವಲಿಗೆ ಹೋದವಳು ಸೊಂಟ ನೋಯಿಸಿಕೊಂಡು ಬಂದು ಕೂತಿದ್ದೇನೆ.

ಬ್ಯಾಂಕಿಗೆ ಹೋಗಬೇಕಿತ್ತು. ನೇರ ದಾರಿ ಬಿಟ್ಟು ಹೆದ್ದಾರಿ ಹತ್ತಿದ. ನಾನು ಬಾಯಿ ತೆರೆಯುವ ಮೊದಲೇ ಮುಂದೆ ಒಂದು ಕಾರು ನಿಂತಿತ್ತು. ದಪ್ಪಗಿನ ಒಬ್ಬ ಮುದುಕ, ಅವನ ಪಕ್ಕದಲ್ಲಿ ಕಡ್ಡಿಯಂಥ ಹೆಂಡತಿ, ಹಿಂದಿನ ಸೀಟಿನಲ್ಲಿ ಪಂಜರ, ಪಂಜರದಲ್ಲಿ ಗಿಳಿ. ಮಗ ಇಳಿದು ಕೋನ್ ಇಟ್ಟ. ನನಗೆ ಕಿಟಕಿ ಇಳಿಸಬೇಡ ಅಂದ. ಇಳಿಸಿದೆ.

ಅಡಿಗೆಮನೆ ಕಿಟಕಿಯಿಂದ ನೋಡುವ ಹೆದ್ದಾರಿಯೇ ಬೇರೆ. ಅಂಚಿನಲ್ಲಿ ನಿಂತರೆ ಪ್ರತಿ ಲಾರಿಗೂ ನಮ್ಮ ಕಾರು ಹಲ್ಲು ಕಡಿಯುತ್ತದೆ. ಆ ಹೆಂಗಸು ನನ್ನ ಕಿಟಕಿಗೆ ಬಂದು ಹಿಡಿದುಕೊಂಡು ನಿಂತಳು.

"ನಿಮ್ಮ ಮಗನಾ? ಇವರಿಗೆ ಎಂಜಿನ್ ಅಂದ್ರೆ ಏನೂಂತ ಗೊತ್ತಿಲ್ಲ, ಹೇಳಿದ್ರೆ ಸಿಟ್ಟು," ಅಂದಳು.

"ಒಳಗೆ ಬಂದು ಕೂತ್ಕೊಳ್ರೀ, ಗಾಳಿಗೆ ಹಾರಿ ಹೋಗೋ ಹಾಗಿದೀರಾ," ಅಂದೆ.

ಬಂದು ಕೂತಳು. ಗಿಳಿಯನ್ನೂ ತರಿಸಿಕೊಂಡಳು. ಅದು ದಾರಿಯುದ್ದಕ್ಕೂ "ಬ್ರೇಕು, ಬ್ರೇಕು" ಅನ್ನುತ್ತದಂತೆ, ಇವಳು ಗಂಡನಿಗೆ ಹೇಳುವುದನ್ನು ಕಲಿತುಬಿಟ್ಟಿದೆ. ನಾವಿಬ್ಬರೂ ನಗುತ್ತಿದ್ದಾಗ ಮಗ ಬಾನೆಟ್ಟಿನಿಂದ ತಲೆ ಎತ್ತಿ ನೋಡಿದ. ಬ್ಯಾಟರಿಯ ತಂತಿ ಸಡಿಲವಾಗಿತ್ತು ಅಷ್ಟೆ. ಮುದುಕ ನೋಟು ತೆಗೆದ. ಮಗ ಕೈ ಹಿಂದಕ್ಕೆ ಕಟ್ಟಿಕೊಂಡ. ಡ್ಯೂಟಿ ಇಲ್ಲದ ದಿನವೂ ನಿಯಮ ಬಿಡಲಿಲ್ಲ. ಬಿಡಬಾರದ ನಿಯಮವನ್ನು ಬಿಟ್ಟಿದ್ದಾನೆ, ಇದನ್ನು ಹಿಡಿದುಕೊಂಡಿದ್ದಾನೆ.

ಬ್ಯಾಂಕು ಮುಚ್ಚಿತ್ತು. ವಾಪಸು ಬರುವಾಗ ಬೈದೆ. ಆದರೆ ತಿರುವಿನ ಹತ್ತಿರ ಒಬ್ಬ ಸ್ಕೂಟರಿನವನನ್ನು ಮೊದಲು ಕಂಡದ್ದು ನಾನೇ.

ಏಪ್ರಿಲ್ ೨, ಮಂಗಳವಾರ

ಬೆಳಿಗ್ಗೆ ಥರ್ಮಾಸ್‌ನಲ್ಲಿ ಚಹಾ ತುಂಬಿಕೊಂಡೆ, ನಿಂತವರಿಗೆ ಬೇಕಾಗುತ್ತದೆ. ಪೇಪರ್ ಲೋಟ ಮರೆತುಹೋಯಿತು, ಮುಚ್ಚಳದಲ್ಲೇ ಕೊಟ್ಟೆ. ಇಂಟರ್‌ವ್ಯೂಗೆ ಹೊರಟಿದ್ದ ಒಬ್ಬ ಹುಡುಗ ಅಳುತ್ತಿದ್ದ. ಬೆಲ್ಟು ಹರಿದಿತ್ತು, ಕಾರಿನದ್ದು. ನಾವೇ ಕೂರಿಸಿಕೊಂಡು ಹೋಗಿ ಬಾಗಿಲವರೆಗೆ ಬಿಟ್ಟೆವು. ಅಂಗಿ ಕಾಲರ್ ಸರಿಮಾಡಿ ಕಳಿಸಿದೆ.

ಸೊಸೆ ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟಿದ್ದಾಳೆ.

ಏಪ್ರಿಲ್ ೧೨, ಶುಕ್ರವಾರ

ನನ್ನ ನಾಲಿಗೆಯನ್ನು ಏನು ಮಾಡಲಿ.

ಅಳತೆಗಾರ ಬಂದಿದ್ದ. ತಿಂಗಳ ಅಳತೆ ಮುಗಿಯಿತು, ಫಲ ಹೇಳಿ ಹೋಗೋಣ ಅಂತ ಬಂದೆ ಅಂದ. ಮುಖ ಬಾಡಿತ್ತು. ಚಹಾ ಬೇಡ ಅಂದ. ಮಗ, ಸೊಸೆ, ನಾನು ಮೇಜಿನ ಸುತ್ತ ಕೂತೆವು.

"ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ. ಗಸ್ತು ಇದ್ರೂ ಇಲ್ದಿದ್ರೂ ರಸ್ತೆ ಹೆಚ್ಚುಕಡಿಮೆ ಅಷ್ಟೇ ಬೇಗ ಖಾಲಿ ಆಗ್ತಿದೆ. ನನಗೂ ಆಶ್ಚರ್ಯ. ಇಲ್ಲಿ ಕೆಟ್ಟು ನಿಂತೋರು ಹೇಗೋ ತಾವೇ ಸುಧಾರಿಸ್ಕೊಳ್ತಿದಾರೆ ಅಂತಲೇ ಬರೀಬೇಕಾಗುತ್ತೆ."

"ಹಾಗೆ ಬರೆದ್ರೆ?" ಅಂದಳು ಸೊಸೆ.

"ಎಲ್ಲಾ ಕಡೆ ನಿಲ್ಲಿಸ್ತಾರೆ. ಇವರಿಗೆಲ್ಲ ಬೇರೆ ಕಡೆ ಏನಾದ್ರೂ ಕೊಡಬಹುದು, ಗೋಡೌನೋ ಏನೋ."

ಮಗ ಮೇಜಿನ ಮೇಲಿನ ಗೆರೆಯೊಂದನ್ನು ಉಗುರಿನಿಂದ ಎಳೆಯುತ್ತಾ ಕೂತಿದ್ದ. ಸೊಸೆ ಕೆಳಗಿನಿಂದ ನನ್ನ ಕಾಲು ಮೆಟ್ಟಿದಳು. ಗೋಡೌನಾದರೂ ಸರಿ, ಬಾಯಿ ಬಿಡಬೇಡಿ ಎಂದು ಅರ್ಥ. ನನಗೂ ಅರ್ಥವಾಯಿತು. ಬಾಯಿ ಬಿಡುವುದಿಲ್ಲ ಎಂದೇ ಕೂತಿದ್ದೆ.

ಆದರೆ ಆ ಹುಡುಗ ಎದ್ದು ನಿಂತು ಇನ್ನೊಂದು ಸಲ ಅಂದ, "ಜನ ತಾವೇ ಸುಧಾರಿಸ್ಕೊಳ್ತಾರೆ ಅಜ್ಜಿ, ನಾವು ಅಂದ್ಕೊಂಡಷ್ಟು ಅಸಹಾಯಕರಲ್ಲ."

"ಯಾವ ಜನ ಸುಧಾರಿಸ್ಕೊಂಡಿದ್ದು? ಆ ಗಿಳಿ ಮುದುಕನಾ? ಅವನಿಗೆ ಬಾನೆಟ್ ಎತ್ತೋಕೂ ಬರಲ್ಲ! ಎಲ್ಲಾ ನನ್ನ ಮಗ ಮಾಡಿದ್ದು ಕಣಪ್ಪಾ. ಬೆಳಗಿಂದ ಸಂಜೆವರೆಗೂ ಬಿಸಿಲಲ್ಲಿ ಮಲಗಿ ಎದ್ದಿದ್ದು ಇವನು, ನೀನು ಹೆಸರು ಬರೆಯೋದು ಜನರದ್ದಾ?"

ಮುಗಿಯಿತು. ಸೊಸೆ ತಲೆ ಮೇಲೆ ಕೈ ಹೊತ್ತಳು. ಅಳತೆಗಾರ ಮತ್ತೆ ಕೂತ. ಮಗ ಮಾತ್ರ ತಿಂಗಳಲ್ಲಿ ಮೊದಲ ಸಲ ನೆಟ್ಟಗೆ ಉಸಿರು ಬಿಟ್ಟ ಹಾಗೆ ಕಂಡ. "ಹೌದು ಸರ್, ನಾನೇ," ಅಂದ.

ಏಪ್ರಿಲ್ ೧೫, ಸೋಮವಾರ

ಡಿಪೋಗೆ ಕರೆಸಿದ್ದರು. ನಾನೂ ಹೋದೆ, ಬಾ ಅನ್ನಲಿಲ್ಲ ಯಾರೂ. ಮಗನ ಜೊತೆಯ ಡ್ರೈವರುಗಳು ಷೆಡ್ಡಿನ ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಯಾರೂ ಬೈಯಲಿಲ್ಲ. ಒಬ್ಬ ದಪ್ಪ ಮೀಸೆಯವನು ಮಾತ್ರ, "ಇನ್ನಾದರೂ ಸುಮ್ಮನಿರಪ್ಪಾ, ನನ್ನ ಮಗಳ ಕಾಲೇಜು ಇದೆ," ಅಂದ. ಬೈದಿದ್ದರೆ ವಾಸಿಯಿತ್ತು.

ಸೂಪರ್‌ವೈಸರ್ ಕೆಲಸದಿಂದ ತೆಗೆಯುತ್ತೇನೆ ಅಂತಲೇ ಶುರುಮಾಡಿದ. ಅಳತೆಗಾರ ಅವನ ಕಿವಿಯಲ್ಲಿ ಏನೇನೋ ಹೇಳಿದ. ಕೊನೆಗೆ ತೀರ್ಮಾನವಾದದ್ದು ಇದು. ಅಳತೆ ಮತ್ತೆ ಮೊದಲಿನಿಂದ. ಮತ್ತೆ ಒಂದು ತಿಂಗಳು ಗಸ್ತು ಇಲ್ಲ. ಈ ಸಲ ಮಗ ರಸ್ತೆಗೆ ಇಳಿಯದಿದ್ದರೆ ಎಲ್ಲ ಮಾಫಿ, ಇಳಿದರೆ ಅಳತೆಯೂ ಬಿತ್ತು, ಅವನೂ ಬಿದ್ದ, ಉಳಿದವರೂ ಬಿದ್ದರು.

"ಇವನ ಮಾತನ್ನ ಹೇಗೆ ನಂಬೋದು?" ಅಂದ ಸೂಪರ್‌ವೈಸರ್.

"ಇವನದು ಬೇಡ, ನನ್ನದು ನಂಬಿ. ನಾನು ಹಿಡ್ಕೊಂಡಿರ್ತೀನಿ ಇವನನ್ನ," ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಪ್ಪಿದ.

ಏಪ್ರಿಲ್ ೨೨, ಸೋಮವಾರ

ಇವತ್ತಿನಿಂದ ಎರಡನೇ ಸಲ. ಕಾರಿನ ಕೀಲಿ ನನ್ನ ಹತ್ತಿರ, ಬೇಳೆ ಡಬ್ಬಿಯ ತಳದಲ್ಲಿ. ಕಿಟಕಿಗೆ ಪರದೆ ಹಾಕಿದೆ. ಮಗ ಕೂತ ಕಡೆಯಿಂದಲೇ ಶಬ್ದ ಕೇಳಿ, "ಲಾರಿ ನಿಂತಿದೆ" ಅನ್ನುತ್ತಾನೆ.

ಏಪ್ರಿಲ್ ೩೦, ಮಂಗಳವಾರ

ಬೆಳಿಗ್ಗೆಯಿಂದ ಹಾರ್ನು. ಮೊಮ್ಮಗಳ ಬೇಸಿಗೆ ಶಿಬಿರದ ಬಸ್ಸು ಊಟದ ಹೊತ್ತಿಗೆ ಶಾಲೆ ಮುಟ್ಟಿತಂತೆ. ಅಳತೆಗಾರ ಫೋನು ಮಾಡಿ, "ಈ ಸಲ ಚೆನ್ನಾಗಿ ಕಾಣ್ತಿದೆ ಅಜ್ಜಿ, ವ್ಯತ್ಯಾಸ ಬಹಳ ಇದೆ," ಅಂದ. ಸರಿ ಅಂದೆ. ಪರದೆ ಸರಿಸಿ ನೋಡಿದೆ. ಒಬ್ಬ ಹೆಂಗಸು ಗೋಡೆಯ ನೆರಳಿನಲ್ಲಿ ಮುದುರಿ ಕೂತಿದ್ದಳು, ಪಕ್ಕದಲ್ಲಿ ಕಾರು. ಈ ಬಿಸಿಲಲ್ಲಿ ಅವಳಿಗೆ ಒಂದು ಲೋಟ ನೀರಾದರೂ ಯಾರು ಕೊಡುತ್ತಾರೆ.

ಊಟ ಸೇರಲಿಲ್ಲ. ಪಿತ್ತ ಇರಬೇಕು.

ಮೇ ೮, ಬುಧವಾರ

ಇವತ್ತು ಬರೆಯುವುದಿಲ್ಲ.

ಮೇ ೧೧, ಶನಿವಾರ

ಬುಧವಾರ ಮಧ್ಯಾಹ್ನ ಸೊಸೆ ಅಂಗಡಿಗೆ ಹೋಗಿದ್ದಳು, ಮೊಮ್ಮಗಳು ಶಿಬಿರಕ್ಕೆ. ನಾನು ಹುರುಳಿಕಾಯಿ ಮುರಿಯುತ್ತಾ ಕೂತಿದ್ದೆ. ಮಗ ಪರದೆ ಸರಿಸಿ ನಿಂತಿದ್ದ.

"ಅಮ್ಮ, ಕೀಲಿ ಕೊಡು."

"ಯಾಕೆ?"

"ತಿರುವಲ್ಲೇ ನಿಂತಿದೆ ಒಂದು ವ್ಯಾನು. ಅವನು ಹಿಂದೆ ನಿಂತು ಸ್ಟೆಪ್ನಿ ತೆಗೀತಿದಾನೆ. ಹಿಂದಿನೋರಿಗೆ ಕಾಣೋದಿಲ್ಲ ಅವನು."

"ಪೊಲೀಸರಿಗೆ ಫೋನ್ ಮಾಡು."

ಮಾಡಿದ. ಹೊರಟಿದ್ದಾರೆ, ಜಾಮ್‌ನಲ್ಲಿ ಸಿಕ್ಕಿಕೊಂಡಿದ್ದಾರೆ ಅಂದರಂತೆ. ಮತ್ತೆ ಕೇಳಿದ. "ರಿಪೇರಿ ಮಾಡಲ್ಲ ಅಮ್ಮ. ಎರಡು ಕೋನ್ ಇಟ್ಟು ಬಂದುಬಿಡ್ತೀನಿ. ಯಾರಿಗೂ ತಿಳಿಯಲ್ಲ."

"ಮಾತು ಕೊಟ್ಟಿದೀನಿ ನಾನು. ಆ ಮೀಸೆಯವನ ಮಗಳನ್ನ ನೆನಪು ಮಾಡ್ಕೋ. ಕೂತ್ಕೋ."

ಅವನು ನನಗಿಂತ ಒಂದು ಮೊಳ ಎತ್ತರ. ನನ್ನನ್ನು ಒಂದು ಕೈಯಲ್ಲಿ ಪಕ್ಕಕ್ಕೆ ಸರಿಸಿ ಅಡಿಗೆಮನೆಯನ್ನೆಲ್ಲ ಕೆದಕಿ ಕೀಲಿ ತೆಗೆದುಕೊಳ್ಳಬಹುದಿತ್ತು. ಕೂತ್ಕೋ ಅಂದೆ, ಕೂತ. ನನ್ನ ಎದುರಿನ ಕುರ್ಚಿಯಲ್ಲಿ ಕೂತು ಒಂದು ಹುರುಳಿಕಾಯಿ ತೆಗೆದುಕೊಂಡು ಮುರಿದ. ಇನ್ನೊಂದು ಮುರಿದ.

ಆಮೇಲೆ ಶಬ್ದ ಬಂತು. ಬ್ರೇಕಿನದ್ದಲ್ಲ. ಬ್ರೇಕು ಹಾಕಲೇ ಇಲ್ಲ, ವ್ಯಾನಿನ ಹಿಂದಿನಿಂದ ಬಂದ ಆ ಲಾರಿ.

ನಾನು ಡಬ್ಬಿ ಬೋರಲು ಹಾಕಿ ಕೀಲಿ ತೆಗೆದು ಅವನ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ. ಮೆಟ್ಟಿಲಿಳಿದು ಓಡಿದ. ಅವನು ಆ ಗೋಡೆಯನ್ನು ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಎರಡು ಸಲ ಜಾರಿದ.

ಬೇಳೆ ನೆಲದ ತುಂಬಾ ಇತ್ತು. ಸೊಸೆ ಬಂದು ಗುಡಿಸಿದಳು.

ಮೇ ೨೦, ಸೋಮವಾರ

ತಿಂಗಳು ಮುಗಿಯಿತು.

ಸತ್ತ ಆ ವ್ಯಾನಿನವನು ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದವನು. ಸೊಸೆಯ ಅಂಗಡಿಗೂ ಅವನೇ ಬರುತ್ತಿದ್ದನಂತೆ. ಅವಳಿಗೆ ಅಂಗಡಿಯಲ್ಲಿ ಹೇಳಿದರಂತೆ, ಅವಳು ನನಗೆ ಹೇಳಿದಳು. "ಅವರಿಗೆ ಹೇಳಬೇಡಿ ಅತ್ತೆ," ಅಂದಳು. ಮಗನಿಗೆ ಮೊದಲೇ ಗೊತ್ತಿತ್ತು. ಆ ದಿನ ರಸ್ತೆಯಲ್ಲಿ ಸಾಯುತ್ತಿದ್ದವನ ಕೈ ಹಿಡಿದುಕೊಂಡು ಕೂತಿದ್ದವನು ಅವನೇ ತಾನೇ.

ಮಗ ಈಗ ತನ್ನ ಚಹಾ ತಾನೇ ಮಾಡಿಕೊಳ್ಳುತ್ತಾನೆ. ನಾನು ಲೋಟ ಹಿಡಿದರೆ, "ಅಲ್ಲಿಡು ಅಮ್ಮ," ಅನ್ನುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ. ಇಟ್ಟದ್ದು ಇಟ್ಟಲ್ಲೇ ಆರುತ್ತದೆ.

ಜೂನ್ ೧೦, ಸೋಮವಾರ

ಲಾಭ ಕಂಡಿತು. ಗಸ್ತಿಗೆ ಹಾಕಿದ ಒಂದೊಂದು ರೂಪಾಯಿಗೂ ಹಲವು ಪಟ್ಟು ವಾಪಸು ಬರುತ್ತದೆಂದು ಲೆಕ್ಕ ಹೇಳಿತಂತೆ. ಎಲ್ಲರ ಕೆಲಸ ಉಳಿಯಿತು. ಇನ್ನೂ ಎರಡು ರಸ್ತೆಗೆ ಹೊಸ ಗಾಡಿ ಬರುತ್ತದೆ. ಮೀಸೆಯವನು ನನಗೆ ಫೋನು ಮಾಡಿ, ನಿಮ್ಮದು ದೊಡ್ಡ ಮನಸ್ಸು ಅಂದ.

ಹೇಳಲು ಬಂದ ಅಳತೆಗಾರ ಬಾಗಿಲಲ್ಲೇ ನಿಂತಿದ್ದ. ಒಳಗೆ ಎಳೆದು ಕೂರಿಸಿದೆ.

"ಆ ಮಿಷನ್ನಿನವನನ್ನೂ ಲೆಕ್ಕಕ್ಕೆ ಸೇರಿಸಿದ್ಯಾ?"

"ಸೇರಿಸಲೇಬೇಕು ಅಜ್ಜಿ. ಗಸ್ತು ಇದ್ದಿದ್ರೆ ಉಳೀತಿತ್ತು ಅನ್ನೋ ಜೀವ... ಅದಕ್ಕೊಂದು ಸಾಲಿದೆ."

"ಅವನ ಹೆಸರು ಬರೆದ್ಯಾ?"

"ಹೆಸರು ಬರೆಯೋಕೆ ಜಾಗ ಇರಲ್ಲ."

"ಕೆಲಸಕ್ಕೆ ಹೋಗ್ತಿದ್ದ ಕಣಪ್ಪಾ ಅವನು. ಸುಮ್ಮನೆ ಓಡಾಡ್ತಿರಲಿಲ್ಲ."

ಕನ್ನಡಕ ತೆಗೆದು ಒರೆಸುತ್ತಾ ಕೂತ. ಒರೆಸಿದ್ದನ್ನೇ ಒರೆಸಿದ. ಈ ಮಕ್ಕಳಿಗೆ ಯಾರು ಇಂಥ ಕೆಲಸ ಕೊಡುತ್ತಾರೋ. ಊಟ ಮಾಡಿಕೊಂಡು ಹೋಗು ಅಂದೆ. ಎರಡು ತುತ್ತು ತಿಂದ.

ಜೂನ್ ೧೬, ಭಾನುವಾರ

ಸೊಸೆಯಿಂದ ಆ ಮಿಷನ್ನಿನವನ ಮನೆ ವಿಳಾಸ ತೆಗೆದುಕೊಂಡೆ. ಮಗನಿಗೆ, ಒಂದು ಕಡೆ ಹೋಗಬೇಕು, ಕರೆದುಕೊಂಡು ಹೋಗು ಅಂದೆ. ಎಲ್ಲಿಗೆ ಎಂದು ಕೇಳಲಿಲ್ಲ. ಓಣಿಯ ಬಾಯಿಗೆ ಬಂದಾಗ ಅವನಿಗೆ ಗೊತ್ತಾಯಿತು. ಎಂಜಿನ್ ಆರಿಸಿ, "ನಾನು ಇಲ್ಲೇ ಇರ್ತೀನಿ," ಅಂದ.

ಬಾಗಿಲು ತೆಗೆದದ್ದು ಸತ್ತವನ ತಾಯಿ. ನನ್ನದೇ ವಯಸ್ಸು, ಒಂದೆರಡು ವರ್ಷ ಹಿಂದೆ ಮುಂದೆ. ಮುಂದಿನ ಕೋಣೆಯ ತುಂಬಾ ಹೊಲಿಗೆ ಮಿಷನ್ನುಗಳು, ಬಿಚ್ಚಿದವು, ಅರ್ಧ ಜೋಡಿಸಿದವು. ಮಿಷನ್ ವಾಪಸು ಕೇಳಲು ಬಂದವಳು ಅಂದುಕೊಂಡಳು. "ಯಾವುದು ನಿಮ್ಮದು, ನೋಡ್ಕೊಳ್ಳಿ. ನನಗೆ ಒಂದೂ ಗುರುತು ಸಿಗಲ್ಲ," ಅಂದಳು.

"ಮಿಷನ್ನಿಗಲ್ಲ. ನಮ್ಮ ಮನೆ ಆ ತಿರುವಿನ ಹತ್ತಿರ," ಅಂದೆ.

ಒಂದು ಸ್ಟೂಲಿನ ಮೇಲಿದ್ದ ಮಿಷನ್ನನ್ನು ಕಷ್ಟಪಟ್ಟು ಕೆಳಗಿಳಿಸಿ ನನಗೆ ಜಾಗ ಮಾಡಿದಳು. ತಾನು ಎದುರಿಗೆ ಕೂತಳು.

"ಹಾಗಾದ್ರೆ ನೀವು ನೋಡಿದ್ರಾ? ತುಂಬಾ ಹೊತ್ತು ನಿಂತಿದ್ನಾ ಅವನು? ಬಿಸಿಲಿತ್ತಲ್ಲ."

ಎಂಥೆಂಥವರಿಗೆ ಉತ್ತರ ಕೊಟ್ಟಿದ್ದೇನೆ ನಾನು. "ಇಲ್ಲ. ಹೆಚ್ಚು ಹೊತ್ತಿಲ್ಲ," ಅಂದೆ. ಅದೂ ನಿಜವಲ್ಲ.

"ಅವನಿಗೆ ಕಾಯೋದು ಅಂದ್ರೆ ಆಗ್ತಿರಲಿಲ್ಲ," ಅಂದಳು. ಆಮೇಲೆ ಕಿಟಕಿಯಿಂದ ಓಣಿ ನೋಡಿ, "ಆ ಕಾರಲ್ಲಿ ಕೂತಿರೋರು ನಿಮ್ಮೋರಾ? ಒಳಗೆ ಕರೀರಿ, ಹೊರಗೆ ಯಾಕೆ," ಅಂದಳು. ನಾನು ಬೇಡ ಅನ್ನುವ ಮೊದಲೇ ಹೋಗಿ ತಾನೇ ಕರೆದಳು.

ಮಗ ಬಂದು ಬಾಗಿಲ ಪಕ್ಕದಲ್ಲಿ ನಿಂತ. ಕೂತುಕೋ ಅಂದರೆ ಕೂರಲಿಲ್ಲ. ಅವಳು ಚಹಾಕ್ಕೆ ಇಟ್ಟು, ಸುಮ್ಮನೆ ಮಾತಿಗೆಂದು ಕೇಳಿದಳು, "ಏನು ಕೆಲಸ ನಿಮ್ಮದು?"

ನಾನು ಬಾಯಿ ಹಾಕಬೇಕೆಂದಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

"ಹೆದ್ದಾರಿಯಲ್ಲಿ ಗಾಡಿ ಕೆಟ್ಟು ನಿಂತೋರಿಗೆ ಸಹಾಯ ಮಾಡ್ತೀನಿ. ಅದೇ ಕೆಲಸ."

"ಅಂಥಾ ಕೆಲಸ ಇದೆಯಾ?" ಅವಳು ಒಲೆಯಿಂದ ತಿರುಗಿ ನೋಡಿದಳು. "ನಮ್ಮ ಹುಡುಗನಿಗೆ ಗೊತ್ತಿತ್ತೋ ಇಲ್ವೋ. ಅವನು ನಿಂತ ಕಡೆ ಇರಲಿಲ್ಲ ಅಂತ ಕಾಣುತ್ತೆ."

"ಇರಲಿಲ್ಲ ಅಮ್ಮ."

"ಈಗ ಇದೆಯಾ?"

"ಈಗ ಇದೆ."

ಒಳ್ಳೆಯದಾಯಿತು ಎನ್ನುವಂತೆ ಅವಳು ತಲೆ ಆಡಿಸಿದಳು. ಚಹಾ ಸೋಸಿ ಮೊದಲ ಲೋಟ ಅವನಿಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ನಿಂತಲ್ಲೇ, ಒಂದು ಹನಿ ಬಿಡದೆ ಕುಡಿದ. ಮಗನ ಲೋಟ ಖಾಲಿಯಾಗುವುದನ್ನು ಆ ತಾಯಿ ನೋಡುತ್ತಾ ನಿಂತಿದ್ದಳು. ಆಮೇಲೆ ಇನ್ನೊಂದು ಸ್ವಲ್ಪ ಹಾಕಲಾ ಎಂದು ಕೇಳಿದಳು. ಹಾಕಿ ಅಂದ.